ಮ್ಯೂಸಿಕಲ್ ಥಿಯೇಟರ್ ಹಾಡುಗಾರಿಕೆಗೆ ಒಳ್ಳೆಯ ವಾಯ್ಸ್ ಟೀಚರ್ ಹುಡುಕುವುದು ಹೇಗೆ?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ನಾಟಕಗಳಲ್ಲಿ ಅಭಿನಯಿಸುತ್ತಾ ಬಂದವಳು ನಾನು. ಚಿಕ್ಕಂದಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತಿದ್ದೆ, ಹಾಗಾಗಿ ಶ್ರುತಿಗೂ ತಾಳಕ್ಕೂ ತೊಂದರೆ ಇಲ್ಲ. ಈಗ ಮ್ಯೂಸಿಕಲ್‌ಗಳಲ್ಲಿ, ಅಂದರೆ ಹಾಡಿನಲ್ಲೇ ಕಥೆ ಸಾಗೋ ನಾಟಕಗಳಲ್ಲಿ, ಪಾತ್ರ ಮಾಡಬೇಕು ಅನ್ನೋ ಆಸೆ ಗಟ್ಟಿಯಾಗಿದೆ. ಆದರೆ ಆಡಿಷನ್‌ಗೆ ಹೋದ ಕಡೆಯೆಲ್ಲ ಹೆಚ್ಚುಕಮ್ಮಿ ಒಂದೇ ಮಾತು: "ಅಭಿನಯ ಚೆನ್ನಾಗಿದೆ, ಹಾಡು ಶುರುವಾದ ಕೂಡಲೇ ಬೇರೆ ಯಾರೋ ಬಂದು ನಿಂತ ಹಾಗಿದೆ."

ಅದು ನನಗೂ ಗೊತ್ತಾಗುತ್ತೆ. ಕೆಳಗಿನ ಸ್ವರಗಳಲ್ಲಿ ಮಾತಾಡೋ ಧ್ವನಿಯಲ್ಲೇ ಹಾಡ್ತೀನಿ. ಪಿಯಾನೋದಲ್ಲಿ ಮಧ್ಯದ ಸಿ ಸ್ವರದ ಮೇಲಿನ ಎ ಸ್ವರ ದಾಟಿದ ಮೇಲೆ ಒಂದೋ ಧ್ವನಿ ಒಡೆಯುತ್ತೆ, ಇಲ್ಲಾ ತೆಳ್ಳಗಾಗಿ ಮಾತೇ ಕೇಳಿಸಲ್ಲ. ಮಾತಿನ ಗಟ್ಟಿ ಧ್ವನಿಯಲ್ಲೇ ಮೇಲಿನ ಸ್ವರ ಹಾಡೋ ಬೆಲ್ಟಿಂಗ್ ಬಗ್ಗೆ ಈಗಿನ ಮೇಷ್ಟ್ರನ್ನು ಕೇಳಿದರೆ "ಬೆಲ್ಟಿಂಗ್ ಮಾಡಿದರೆ ಗಂಟಲು ಹಾಳಾಗುತ್ತೆ, ಆ ಕಡೆ ಹೋಗಬೇಡ" ಅಂತಾರೆ. ಇನ್ನೊಬ್ಬರ ಕ್ಲಾಸಿಗೆ ಹೋಗಿ ನೋಡಿದೆ. ಅಲ್ಲಿ ಎಲ್ಲರೂ ಕತ್ತಿನ ನರ ಉಬ್ಬಿಸಿಕೊಂಡು ಕೂಗ್ತಾ ಇದ್ದರು, ಅದಕ್ಕೇ ಬೆಲ್ಟ್ ಅಂತ ಹೆಸರು.

ಹುಡುಕಿದರೆ ಪ್ರತಿಯೊಬ್ಬರ ಪರಿಚಯದಲ್ಲೂ "ಎಲ್ಲ ಶೈಲಿಗಳನ್ನೂ ಕಲಿಸಲಾಗುವುದು" ಅಂತಲೇ ಇರುತ್ತೆ. ನಿಜವಾಗಿ ಮ್ಯೂಸಿಕಲ್ ಥಿಯೇಟರ್ ಗೊತ್ತಿರೋರು ಯಾರು ಅಂತ ಹೊರಗಿನಿಂದ ಕಂಡುಹಿಡಿಯೋದು ಹೇಗೆ? ಮೊದಲ ಪಾಠಕ್ಕೆ ಹೋದಾಗ ಏನನ್ನು ಗಮನಿಸಬೇಕು? ಅನುಭವ ಇರೋರು ದಯವಿಟ್ಟು ಬಿಡಿಸಿ ಹೇಳಿ.

ಪಿಯಾನೋಪಕ್ಕ

ರಿಹರ್ಸಲ್‌ಗಳಲ್ಲಿ ಪಿಯಾನೋ ನುಡಿಸುವುದು, ನಟರಿಗೆ ಹಾಡು ಕೂರಿಸುವುದು ನನ್ನ ಕೆಲಸ. ಬೇರೆ ಬೇರೆ ಟೀಚರ್‌ಗಳ ಶಿಷ್ಯರು ನನ್ನ ಪಿಯಾನೋ ಪಕ್ಕ ಬಂದು ನಿಲ್ಲುತ್ತಾರೆ. ಯಾರ ಪಾಠ ಎಲ್ಲಿ ಕೈಕೊಡುತ್ತದೆ ಅನ್ನುವುದು ಅಲ್ಲಿ ಚೆನ್ನಾಗಿ ತಿಳಿಯುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಈ ಹಾಡುಗಾರಿಕೆ ಬೇಡುವುದೇನು ಅಂತ ನೋಡಿ. ಮ್ಯೂಸಿಕಲ್ ಥಿಯೇಟರ್‌ಗೆ ಒಂದೇ ಧ್ವನಿ ಅಂತಿಲ್ಲ. ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಹತ್ತಿರದ, ದುಂಡನೆಯ, ವೈಬ್ರಾಟೋ (ಸ್ವರದ ಸಣ್ಣ ಅಲುಗಾಟ) ಇರುವ ಧ್ವನಿಯನ್ನು ಲೆಜಿಟ್ ಅಂತಾರೆ. ಮಾತಿನ ಧ್ವನಿಯ ತೂಕವನ್ನೇ ಮೇಲಿನ ಸ್ವರಗಳಿಗೆ ಕೊಂಡೊಯ್ದರೆ ಬೆಲ್ಟ್. ಎರಡರ ನಡುವೆ ಎಷ್ಟೋ ಛಾಯೆಗಳಿರುವ ಮಿಕ್ಸ್. ಇದರ ಮೇಲೆ ಪಾಪ್, ರಾಕ್ ಶೈಲಿಯ ನಾಟಕಗಳು. ಅಲ್ಲಿ ಸ್ವರವನ್ನು ಅಲುಗಾಡಿಸದೆ ಹಿಡಿದು ಕೊನೆಗೆ ಮಾತ್ರ ವೈಬ್ರಾಟೋ ಬಿಡುವುದು ವಾಡಿಕೆ. ಒಂದೇ ಪಾತ್ರ ಒಂದೇ ಸಂಜೆ ಇದರಲ್ಲಿ ಎರಡು ಮೂರನ್ನು ಕೇಳಬಹುದು. ನ್ಯೂಯಾರ್ಕಿನ ಬ್ರಾಡ್‌ವೇ, ಲಂಡನ್ನಿನ ವೆಸ್ಟ್ ಎಂಡ್ ರಂಗಮಂದಿರಗಳಲ್ಲಿ ವಾರಕ್ಕೆ 8 ಪ್ರದರ್ಶನ ಸಾಮಾನ್ಯ. ಅಂದರೆ ಒಂದು ಸಲ ಚೆನ್ನಾಗಿ ಬಂದರೆ ಸಾಲದು, ಭಾನುವಾರವೂ ಮಂಗಳವಾರದ ಹಾಗೇ ಬರಬೇಕು.

ಬೆಲ್ಟ್ ನಿನ್ನೆ ಮೊನ್ನೆ ಹುಟ್ಟಿದ ಹಾವಳಿಯೇನೂ ಅಲ್ಲ. 1930ರಲ್ಲಿ ಬ್ರಾಡ್‌ವೇ ರಂಗವೇರಿದ ಎಥೆಲ್ ಮರ್ಮನ್ ಮೈಕ್ ಇಲ್ಲದೆ ಕೊನೆಯ ಸಾಲಿನವರಿಗೂ ಒಂದೊಂದು ಅಕ್ಷರ ತಲುಪಿಸುತ್ತಿದ್ದರು, ದಶಕಗಟ್ಟಲೆ ಹಾಡಿದರು. ನಟರ ಮೈಮೇಲೆ ಮೈಕ್ ಬಂದ ಮೇಲೆ ಜೋರಿನ ಅಗತ್ಯ ತಗ್ಗಿತು, ಪಿಸುಮಾತಿನಷ್ಟು ಸಣ್ಣ ಸ್ವರಕ್ಕೂ ಜಾಗ ಸಿಕ್ಕಿತು. ಆದರೆ ಮಾತು ಕೇಳಿಸಬೇಕು ಅನ್ನುವ ನಿಯಮ ಮಾತ್ರ ಸಡಿಲವಾಗಲಿಲ್ಲ. ಪ್ರೇಕ್ಷಕರು ಆ ಹಾಡನ್ನು ಮೊದಲ ಸಲ ಕೇಳುತ್ತಿರುತ್ತಾರೆ, ಕಥೆ ಮುಂದುವರಿಯುವುದೇ ಹಾಡಿನೊಳಗೆ.

ಹಾಗಾಗಿ ಮೊದಲ ಪಾಠದಲ್ಲಿ ಟೀಚರ್ ಏನನ್ನು ಕೇಳಿಸಿಕೊಳ್ಳುತ್ತಾರೆ ಅನ್ನುವುದರ ಮೇಲೆ ಕಣ್ಣಿಡಿ. ತಾವೇ ಹಾಡಿ ತೋರಿಸಿ ಮೆಚ್ಚಿಸುವವರು ಬಹಳ ಜನ ಸಿಗುತ್ತಾರೆ. ಅವರ ಕಂಠ ಎಷ್ಟು ಸೊಗಸಾಗಿದ್ದರೂ ಅದು ನಿಮ್ಮ ಗಂಟಲಿಗೆ ವರ್ಗವಾಗುವುದಿಲ್ಲ. ನಿಮಗೆ ಬೇಕಾದದ್ದು ಅವರ ಕಿವಿ. ನೀವು ಹಾಡಿದ್ದನ್ನು ಕೇಳಿ, "ಇಲ್ಲಿ ಹೀಗಾಯಿತು, ಇದಕ್ಕೆ ಇದು ಕಾರಣ ಇರಬಹುದು, ಇದನ್ನು ಮಾಡಿ ನೋಡೋಣ" ಅನ್ನಬೇಕು. ಮಾಡಿದ ಮೇಲೆ ಧ್ವನಿ ಬದಲಾಗಬೇಕು. ಬದಲಾಗದಿದ್ದರೆ ಅದೇ ವ್ಯಾಯಾಮವನ್ನು ಇನ್ನೂ ಜೋರಾಗಿ ಮಾಡಿಸದೆ ಬೇರೆ ದಾರಿ ಹಿಡಿಯಬೇಕು. ಈ ಎರಡನೆಯ ದಾರಿ ಇದೆಯೋ ಇಲ್ಲವೋ ಅನ್ನುವುದರಲ್ಲೇ ಒಳ್ಳೆಯ ಟೀಚರ್ ಗೊತ್ತಾಗುತ್ತಾರೆ.

ನಾನು ಕಂಡ ಒಂದು ಪಾಠ ಹೇಳುತ್ತೇನೆ. ಹುಡುಗಿಯೊಬ್ಬಳಿಗೆ ನಿಮ್ಮದೇ ತೊಂದರೆ, ಎ ಬಂದ ಕೂಡಲೇ ಒಡಕು. ಟೀಚರ್ ಪಿಯಾನೋ ಮುಚ್ಚಳ ಹಾಕಿ, ಹಾಡಿನ ಆ ಸಾಲನ್ನು ಸುಮ್ಮನೆ ಮಾತಾಡಿಸಿದರು. ಆಮೇಲೆ ರೂಮಿನ ಆಚೆ ತುದಿಗೆ ಹೋಗಿ ನಿಂತು, "ಅದನ್ನೇ ನನಗೆ ಕೂಗಿ ಹೇಳು, ನಾನು ಹೊರಟುಹೋಗ್ತಾ ಇದ್ದೀನಿ, ನಿಲ್ಲಿಸು" ಅಂದರು. ಹುಡುಗಿ "ಏಯ್, ನಿಲ್ಲು!" ಅಂದಳು. ಟೀಚರ್ ಮುಚ್ಚಳ ತೆಗೆದು ಅವಳ "ಏಯ್" ಎಲ್ಲಿತ್ತೋ ಆ ಕೀ ಒತ್ತಿದರು. ಅವಳು ಹೆದರುತ್ತಿದ್ದ ಸ್ವರಕ್ಕಿಂತ ಅರ್ಧ ಮೆಟ್ಟಿಲು ಮೇಲೆಯೇ ಇತ್ತು. ಮುಂದಿನ ಹತ್ತು ನಿಮಿಷ ಅದೇ "ಏಯ್" ಅನ್ನು ಸಣ್ಣದು ಮಾಡುತ್ತಾ, ಉದ್ದ ಮಾಡುತ್ತಾ, ಕೊನೆಗೆ ಸಾಲಿನೊಳಗೆ ಕೂರಿಸಿದರು. ಒಂದು ಸಲವೂ "ಜೋರಾಗಿ" ಅನ್ನಲಿಲ್ಲ.

ಕೋರಸ್‌ಸಾಲು

ಮೇಲಿನವರು ಹೇಳಿದ್ದು ಸರಿ. ಆದರೆ ಅಂಥವರ ಬಾಗಿಲು ತಲುಪೋದು ಹೇಗೆ ಅನ್ನೋದಕ್ಕೆ ನನ್ನ ಎರಡು ಮಾತು.

ಜಾಹೀರಾತು ಬಿಡಿ, ಶಿಷ್ಯರನ್ನು ಕೇಳಿ. ಕೇಳಿ ಅಂದರೆ ಕಿವಿಯಿಂದ ಕೇಳಿ. ಒಬ್ಬ ಟೀಚರ್‌ನ ಮೂರು ನಾಲ್ಕು ಜನ ಶಿಷ್ಯರು ಬೇರೆ ಬೇರೆ ನಾಟಕಗಳಲ್ಲಿ ಹಾಡೋದನ್ನು ಕೇಳಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತೆ. ಎಲ್ಲರೂ ಒಂದೇ ಥರ ಕೇಳಿಸಿದರೆ, ಅದರಲ್ಲೂ ಎಲ್ಲರೂ ಟೀಚರ್ ಥರವೇ ಕೇಳಿಸಿದರೆ, ನಾನಂತೂ ಹೋಗಲ್ಲ. ಒಬ್ಬೊಬ್ಬರು ಒಂದೊಂದು ಥರ ಕೇಳಿಸಿ, ಎಲ್ಲರ ಮಾತೂ ಸ್ಪಷ್ಟವಾಗಿದ್ದರೆ ಅಲ್ಲಿ ಏನೋ ಸರಿಯಾಗಿ ನಡೀತಿದೆ ಅಂತ ಅರ್ಥ.

ಇನ್ನೊಂದು, ಪ್ರದರ್ಶನಗಳ ಸರಣಿಯ ಕೊನೇ ದಿನ ಹೋಗಿ ನೋಡಿ. ಮೊದಲ ದಿನ ಎಲ್ಲರೂ ಚೆನ್ನಾಗಿ ಹಾಡ್ತಾರೆ. ಕೊನೇ ದಿನವೂ ಧ್ವನಿ ಕೂರದೆ ನಿಂತವರನ್ನು ಹುಡುಕಿ "ನೀವು ಯಾರ ಹತ್ತಿರ ಕಲೀತೀರಿ?" ಅಂತ ಕೇಳಿ. ಸಂಗೀತ ನಿರ್ದೇಶಕರನ್ನೂ ಕೇಳಬಹುದು. ಯಾವ ನಟರ ಜೊತೆ ಕೆಲಸ ಸಲೀಸು ಅಂತ ಅವರಿಗೆ ಗೊತ್ತಿರುತ್ತೆ. ಮ್ಯೂಸಿಕಲ್ ಥಿಯೇಟರ್ ವಿಭಾಗ ಇರೋ ಕಾಲೇಜುಗಳ ಅಧ್ಯಾಪಕರು ಎಷ್ಟೋ ಜನ ಹೊರಗಿನವರಿಗೂ ಪಾಠ ಹೇಳ್ತಾರೆ. ಅಮೆರಿಕದಲ್ಲಿ 1944ರಿಂದ ಇರೋ ನ್ಯಾಷನಲ್ ಅಸೋಸಿಯೇಷನ್ ಆಫ್ ಟೀಚರ್ಸ್ ಆಫ್ ಸಿಂಗಿಂಗ್ ತನ್ನ ಸದಸ್ಯರ ಪಟ್ಟಿಯನ್ನು ಜಾಲತಾಣದಲ್ಲಿ ಇಟ್ಟಿದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನಿಮಗೆ ಒಗ್ಗುತ್ತಾರೆ ಅಂತಲ್ಲ, ಹುಡುಕೋಕೆ ಒಂದು ಜಾಗ ಅಷ್ಟೆ.

ಧ್ವನಿಚಿಕಿತ್ಸೆ

ನಾನು ಧ್ವನಿ ತೊಂದರೆಗಳಿಗೆ ಚಿಕಿತ್ಸೆ ಕೊಡುವ ಸ್ಪೀಚ್ ಥೆರಪಿಸ್ಟ್. "ಬೆಲ್ಟಿಂಗ್‌ನಿಂದ ಗಂಟಲು ಹಾಳಾಗುತ್ತೆ" ಅನ್ನುವ ಮಾತಿಗೆ ಉತ್ತರಿಸಬೇಕು ಅನ್ನಿಸಿತು, ಯಾಕೆಂದರೆ ಈ ಭಯದಿಂದಲೇ ಎಷ್ಟೋ ಹಾಡುಗಾರರು ಸರಿಯಾದ ಪಾಠ ಸಿಗದೆ ತಾವೇ ಏನೋ ಮಾಡಿಕೊಂಡು ನಮ್ಮ ಹತ್ತಿರ ಬರುತ್ತಾರೆ.

ಧ್ವನಿತಂತುವಿನ ಒಳಗೇ ಒಂದು ಸ್ನಾಯು ಇದೆ. ಅದು ಬಿಗಿಯಾದರೆ ತಂತು ಗಿಡ್ಡವಾಗಿ ದಪ್ಪಗಾಗುತ್ತದೆ. ನಾವು ಮಾತಾಡುವಾಗ, ಮಾತಿನಂಥದ್ದೇ ಗಟ್ಟಿ ಧ್ವನಿಯಾದ ಚೆಸ್ಟ್ ವಾಯ್ಸ್‌ನಲ್ಲಿ ಹಾಡುವಾಗ ಅದರ ಕೆಲಸ ಹೆಚ್ಚು. ಧ್ವನಿಪೆಟ್ಟಿಗೆಯ ಮುಂಭಾಗದಲ್ಲಿ ಕ್ರೈಕೋಥೈರಾಯ್ಡ್ ಅನ್ನುವ ಇನ್ನೊಂದು ಸ್ನಾಯು ಇದೆ, ಅದು ತಂತುವನ್ನು ಎಳೆದು ತೆಳ್ಳಗೆ ಮಾಡುತ್ತದೆ. ಶ್ರುತಿ ಏರಿದಂತೆ ಇದರ ಪಾಲು ಏರಬೇಕು. ನಿಮ್ಮ ಎ ಹತ್ತಿರದ ಒಡಕು ಈ ಹಸ್ತಾಂತರದಲ್ಲಿ ಆಗುವ ಎಡವಟ್ಟು. ಮೊದಲನೆಯದು ಬಿಡುವುದೇ ಇಲ್ಲ ಅಂತ ಹಿಡಿದುಕೊಂಡಿರುತ್ತದೆ, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ಮಿಕ್ಸ್ ಕಲಿಸುವುದು ಅಂದರೆ ಬಹುಮಟ್ಟಿಗೆ ಇವೆರಡನ್ನೂ ಹಂತ ಹಂತವಾಗಿ ಹೊಂದಿಸುವುದು.

ಬೆಲ್ಟ್‌ನಲ್ಲಿ ತಂತುಗಳು ಪ್ರತಿ ಕಂಪನದಲ್ಲೂ ಹೆಚ್ಚು ಹೊತ್ತು ಮುಚ್ಚಿರುತ್ತವೆ, ಕೆಳಗಿನ ಗಾಳಿಯ ಒತ್ತಡವೂ ಹೆಚ್ಚು. ಆ ಎ ಸ್ವರ ಸೆಕೆಂಡಿಗೆ 440 ಕಂಪನ. ಒಂದು ನಿಮಿಷ ಅದನ್ನೇ ಹಾಡಿದರೆ ತಂತುಗಳು 26,400 ಸಲ ಒಂದಕ್ಕೊಂದು ತಾಕುತ್ತವೆ. ಹಾಗಾಗಿ ಶ್ರಮ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಶ್ರಮ ಇರುವುದೆಲ್ಲ ಹಾನಿ ಅಂತಲ್ಲ. ಕತ್ತು, ದವಡೆ, ನಾಲಿಗೆಯ ಬುಡ ಬಿಗಿ ಹಿಡಿದು, ಗಾಳಿಯನ್ನು ಒತ್ತಿ ತಳ್ಳಿ, ದಣಿದ ಮೇಲೂ ಮುಂದುವರಿಸಿದರೆ ಹಾನಿ. ಇದು ಶಾಸ್ತ್ರೀಯ ಹಾಡುಗಾರಿಕೆಗೂ ಅನ್ವಯಿಸುತ್ತದೆ. ದಿನವಿಡೀ ಕೂಗಿ ಮಾತಾಡುವ ಶಾಲಾ ಮೇಷ್ಟ್ರಿಗೂ ಅನ್ವಯಿಸುತ್ತದೆ.

ಒಳ್ಳೆಯ ಟೀಚರ್ ಬಲದ ಬದಲು ಅನುರಣನದಿಂದ, ಅಂದರೆ ಬಾಯಿ-ಗಂಟಲಿನ ಪೊಳ್ಳು ಸದ್ದನ್ನು ಹೆಚ್ಚಿಸುವುದರಿಂದ, ಕೆಲಸ ಮಾಡಿಸುತ್ತಾರೆ. 440ರ ಸ್ವರದ ಜೊತೆಗೆ 880ರ ಉಪಸ್ವರವೂ ಹೊರಡುತ್ತದೆ. ಬೆಲ್ಟ್‌ನಲ್ಲಿ ಬಾಯಿ-ಗಂಟಲಿನ ಆಕಾರ ಆ ಉಪಸ್ವರವನ್ನು ಎತ್ತಿ ಹಿಡಿಯಬೇಕು. ಬಾಯಿ ಚೆನ್ನಾಗಿ ತೆರೆದ ಆಕಾರದಲ್ಲಿ ಇದು ಸಾಧ್ಯ. ಈಕಾರದಲ್ಲಿ ಅದೇ ಅನುರಣನ 300-400ರ ಆಸುಪಾಸಿನಲ್ಲಿ ಕೂತಿರುತ್ತದೆ, 880ರ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕೇ ಮೇಲಿನ ಸ್ವರದಲ್ಲಿ ಈಕಾರ ಬಂದಾಗ ಗಂಟಲು ಹಿಸುಕಿದ ಹಾಗಾಗುವುದು. ತಿಳಿದ ಟೀಚರ್ ಅದನ್ನು ಸ್ವಲ್ಪ ಎಕಾರದ ಕಡೆ ಬಾಗಿಸುತ್ತಾರೆ. ಕೇಳುಗರಿಗೆ ಶಬ್ದ ಅದೇ ಕೇಳಿಸುತ್ತದೆ, ಹಾಡುವವರಿಗೆ ದಾರಿ ಬಿಡುವಾಗುತ್ತದೆ. ನಿಮ್ಮ ಮೊದಲ ಪಾಠಕ್ಕೆ ಮೇಲಿನ ಸ್ವರದಲ್ಲಿ ಈಕಾರ ಇರುವ ಒಂದು ಸಾಲನ್ನು ಬೇಕೆಂದೇ ತೆಗೆದುಕೊಂಡು ಹೋಗಿ. ಅವರು ಏನು ಮಾಡುತ್ತಾರೆ ನೋಡಿ.

ಇನ್ನು ಎಚ್ಚರಿಕೆ. ಪಾಠದಲ್ಲಿ ನೋವಾದರೆ ನಿಲ್ಲಿಸಬೇಕು. "ನೋವು ತಡೆದುಕೋ, ಅಭ್ಯಾಸವಾಗುತ್ತೆ" ಅನ್ನುವವರ ಹತ್ತಿರ ಇರಬೇಡಿ. ಪಾಠ ಮುಗಿಸಿ ಹೊರಬಂದಾಗ ಮಾತಿನ ಧ್ವನಿ ಒರಟಾಗಿದ್ದರೆ, ಅದು ಪದೇ ಪದೇ ಆದರೆ, ಪಾಠದಲ್ಲಿ ಏನೋ ತಪ್ಪಿದೆ. ಕೇಳಿಸಿಕೊಂಡೇ "ನಿನಗೆ ಧ್ವನಿತಂತುವಿನಲ್ಲಿ ಗಂಟು ಆಗಿದೆ" ಅಥವಾ "ಏನೂ ಆಗಿಲ್ಲ" ಅಂತ ಯಾವ ಟೀಚರೂ ಹೇಳಲಾಗದು, ಕ್ಯಾಮೆರಾ ಹಾಕಿ ನೋಡಲೇಬೇಕು. ಅಮೆರಿಕದ ಇಎನ್‌ಟಿ ವೈದ್ಯರ ಅಕಾಡೆಮಿಯ 2018ರ ಮಾರ್ಗಸೂಚಿ ಪ್ರಕಾರ ಧ್ವನಿಯ ಒರಟುತನ 4 ವಾರದಲ್ಲಿ ಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ನೋಡಿಸಬೇಕು. ಹಾಡುವವರು ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ "ಮೊದಲು ವೈದ್ಯರನ್ನು ನೋಡಿ ಬಾ, ಆಮೇಲೆ ಪಾಠ" ಅನ್ನುವ ಟೀಚರ್ ಸಿಕ್ಕರೆ ಬಿಡಬೇಡಿ.

ತಂಬೂರಿ

ನಾನು ಶಾಸ್ತ್ರೀಯ ಸಂಗೀತ ಕಲಿಸುವವನು. ಇಲ್ಲಿ ನಮ್ಮನ್ನು ಹಳೇ ಕಾಲದವರು ಅಂತ ಬದಿಗೆ ಸರಿಸಿದ ಹಾಗೆ ಕಾಣುತ್ತಿದೆ, ಒಂದು ಮಾತು ಹೇಳಲೇಬೇಕು. ಉಸಿರಿನ ಹಿಡಿತ, ಶ್ರುತಿ, ಸ್ವರವನ್ನು ಕೊನೆಯವರೆಗೂ ನಿಲ್ಲಿಸುವುದು, ಕಿವಿಯ ಸಂಸ್ಕಾರ, ಇವೆಲ್ಲ ಶಾಸ್ತ್ರೀಯ ಅಭ್ಯಾಸದಿಂದ ಬರುವಷ್ಟು ಗಟ್ಟಿಯಾಗಿ ಬೇರೆಲ್ಲೂ ಬರುವುದನ್ನು ನಾನು ಕಂಡಿಲ್ಲ. ಗಂಟಲಿನೊಳಗೆ ಕನ್ನಡಿ ಇಟ್ಟು ತನ್ನ ಧ್ವನಿತಂತುಗಳು ಆಡುವುದನ್ನು 1854ರಲ್ಲೇ ನೋಡಿಕೊಂಡವರು ಮಾನ್ಯುಯೆಲ್ ಗಾರ್ಸಿಯಾ. ಅವರು ವೈದ್ಯರಲ್ಲ, ಪಾಶ್ಚಾತ್ಯ ಶಾಸ್ತ್ರೀಯ ಹಾಡುಗಾರಿಕೆಯ ಮೇಷ್ಟ್ರು. ಧ್ವನಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ಕುತೂಹಲ ಶಾಸ್ತ್ರೀಯದವರಿಗೂ ಇತ್ತು.

ಹೊಸಹೆಜ್ಜೆ ಅವರೇ, ನಿಮ್ಮ ಮೇಷ್ಟ್ರು "ಹಾಳಾಗುತ್ತೆ" ಅಂದಿದ್ದು ಬಹುಶಃ ನಿಮ್ಮ ಮೇಲಿನ ಕಾಳಜಿಯಿಂದ. ತಮಗೆ ಗೊತ್ತಿಲ್ಲದ ದಾರಿಯಲ್ಲಿ ಶಿಷ್ಯೆಯನ್ನು ಕಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಅವರಿಂದ ಕಲಿತದ್ದನ್ನು ಹಗುರ ಮಾಡಬೇಡಿ.

ಪಿಯಾನೋಪಕ್ಕ

ತಂಬೂರಿ ಸರ್, ನಿಮ್ಮ ಮಾತನ್ನು ಒಪ್ಪುತ್ತೇನೆ. ಶಾಸ್ತ್ರೀಯ ಕಲಿತು ಬಂದವರಿಗೆ ಹಾಡು ಕೂರಿಸುವುದು ಎಷ್ಟು ಸುಲಭ ಅಂತ ನನಗೆ ಗೊತ್ತು. ಒಂದು ಸಲ ನುಡಿಸಿದರೆ ಸ್ವರ ಹಿಡಿದುಬಿಡುತ್ತಾರೆ. ಶಾಸ್ತ್ರೀಯದಿಂದ ಬಂದು ಮ್ಯೂಸಿಕಲ್ ಥಿಯೇಟರ್ ಕಲಿಸುವ ಅತ್ಯುತ್ತಮ ಟೀಚರ್‌ಗಳೂ ಇದ್ದಾರೆ.

ನನ್ನ ತಕರಾರು ಒಂದೇ. "ಶಾಸ್ತ್ರೀಯ ಬಂದರೆ ಎಲ್ಲವೂ ಬರುತ್ತೆ" ಅನ್ನುವುದು ನಿಜವಲ್ಲ. ಶಾಸ್ತ್ರೀಯದಲ್ಲಿ ಸ್ವರದ ಸೌಂದರ್ಯಕ್ಕಾಗಿ ಅಕ್ಷರವನ್ನು ಸ್ವಲ್ಪ ಕರಗಿಸಬಹುದು. ಇಲ್ಲಿ ಅಕ್ಷರಕ್ಕಾಗಿ ಸ್ವರವನ್ನು ಕರಗಿಸಬೇಕಾಗುತ್ತದೆ. ಸಿಟ್ಟಿನ ಸಾಲು ಸಿಟ್ಟಾಗಿಯೇ ಬರಬೇಕು, ಅದು ದುಂಡಗೆ ಬಂದರೆ ಪಾತ್ರ ಸತ್ತಿತು. ನಿರ್ದೇಶಕರು ಹೊಸಹೆಜ್ಜೆ ಅವರಿಗೆ "ಬೇರೆ ಯಾರೋ ಬಂದು ನಿಂತ ಹಾಗಿದೆ" ಅಂದಿದ್ದು ಇದಕ್ಕೇ ಇರಬೇಕು. ಟೀಚರ್ ಆ ಹಾಡು ಯಾವ ಸನ್ನಿವೇಶದ್ದು, ಪಾತ್ರ ಯಾರಿಗೆ ಹೇಳುತ್ತಿದೆ, ಏನು ಬೇಕಾಗಿ ಹೇಳುತ್ತಿದೆ ಅಂತ ಕೇಳದೆ ಬರೀ ಸ್ವರ ತಿದ್ದುತ್ತಾ ಹೋದರೆ, ಅವರು ಎಲ್ಲಿಂದ ಬಂದವರೇ ಆಗಿರಲಿ, ಅರ್ಧ ಕೆಲಸ ಬಾಕಿ ಉಳಿಯುತ್ತದೆ.

ಹದಿಮೂರರ ಅಪ್ಪ

ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ ಹದಿಮೂರು. ಶಾಲೆಯ ಮ್ಯೂಸಿಕಲ್‌ನಲ್ಲಿ ಮುಖ್ಯ ಪಾತ್ರ ಸಿಕ್ಕಿತ್ತು, ಈಗ ಧ್ವನಿ ಒಡೆಯಲು ಶುರುವಾಗಿದೆ. ಒಬ್ಬ ಟೀಚರ್ ಎರಡು ವರ್ಷ ಹಾಡಿಸಲೇಬೇಡಿ ಅಂತಾರೆ, ಇನ್ನೊಬ್ಬರು ಏನೂ ಆಗಲ್ಲ, ಹಳೇ ಶ್ರುತಿಯಲ್ಲೇ ಹಾಡಿಸೋಣ ಅಂತಾರೆ. ಯಾರ ಮಾತು ಕೇಳಲಿ? ಮನೆಯಲ್ಲಿ ಅವನು ಹಾಡೋದನ್ನೇ ನಿಲ್ಲಿಸಿದ್ದಾನೆ, ಅದು ನೋಡೋಕೆ ಸಂಕಟ ಆಗುತ್ತೆ.

ಧ್ವನಿಚಿಕಿತ್ಸೆ

ಇಬ್ಬರ ಮಾತನ್ನೂ ಬಿಡಿ ಸರ್. ಹುಡುಗರಲ್ಲಿ ಸಾಮಾನ್ಯವಾಗಿ 12ರಿಂದ 15ರ ನಡುವೆ ಧ್ವನಿಪೆಟ್ಟಿಗೆ ಬೇಗ ಬೆಳೆಯುತ್ತದೆ, ಮಾತಿನ ಶ್ರುತಿ ಸುಮಾರು ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಈ ಹೊತ್ತಿನಲ್ಲಿ ಹಾಡುವುದರಿಂದ ಹಾನಿಯಿಲ್ಲ. ಹಳೆಯ ಶ್ರುತಿಯಲ್ಲೇ ಹಠ ಹಿಡಿದು ಹಾಡಿಸುವುದರಿಂದ ಹಾನಿ ಇದೆ. ಇವತ್ತು ಅವನಿಗೆ ಆರಾಮಾಗಿ ಬರುವ ಸ್ವರಗಳು ಯಾವುವು ಅಂತ ಪ್ರತಿ ಪಾಠದಲ್ಲೂ ಹೊಸದಾಗಿ ನೋಡಿ, ಹಾಡಿನ ಶ್ರುತಿಯನ್ನು ಅದಕ್ಕೆ ತಕ್ಕಂತೆ ಇಳಿಸುವ, ಬೇಕಾದರೆ ಸಾಲನ್ನೇ ಸ್ವಲ್ಪ ಬದಲಿಸಿ ಕೊಡುವ ಟೀಚರ್ ಬೇಕು. ಕೆಲವು ವಾರ ಐದಾರು ಸ್ವರಗಳಷ್ಟೇ ಸಿಗಬಹುದು. ಆ ಐದಾರರಲ್ಲೇ ಹಾಡಲಿ.

ಹೆಣ್ಣುಮಕ್ಕಳಿಗೂ ಧ್ವನಿ ಬದಲಾಗುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಇಳಿಕೆ ಎರಡು ಮೂರು ಸ್ವರದಷ್ಟೇ, ಆದರೆ ಆ ಕಾಲದಲ್ಲಿ ತಂತುಗಳ ಹಿಂಭಾಗ ಪೂರ್ತಿ ಮುಚ್ಚದೆ ಧ್ವನಿಯಲ್ಲಿ ಗಾಳಿ ಬೆರೆತಂತೆ ಕೇಳಿಸುತ್ತದೆ. ಅದನ್ನು ಸೋಮಾರಿತನ ಅಂತ ತಿಳಿದು ಒತ್ತಿ ಹಾಡಿಸುವವರಿದ್ದಾರೆ. ದಯವಿಟ್ಟು ಬೇಡ.

ಮಗನಿಗೆ ಒಂದು ಮಾತು ಹೇಳಿ: ಧ್ವನಿ ಹೋಗುತ್ತಿಲ್ಲ, ಬರುತ್ತಿದೆ. ಅವನು ಹಾಡು ನಿಲ್ಲಿಸಿದ್ದು ಗಂಟಲಿನ ಕಾರಣಕ್ಕಿಂತ ನಾಚಿಕೆಗೆ ಇರಬಹುದು. ಒಡಕು ಬಂದಾಗ ನಗದೆ ಮುಂದಿನ ಸ್ವರಕ್ಕೆ ಹೋಗುವ ಟೀಚರ್ ಸಿಕ್ಕರೆ ಅವನು ಮತ್ತೆ ಬಾಯಿ ತೆರೆಯುತ್ತಾನೆ.

ರಾತ್ರಿಪಾಳಿ

ಆನ್‌ಲೈನ್ ಪಾಠ ಆಗುತ್ತಾ? ನಾನಿರೋ ಕಡೆ ಹತ್ತಿರದಲ್ಲಿ ಮ್ಯೂಸಿಕಲ್ ಥಿಯೇಟರ್ ಗೊತ್ತಿರೋ ಟೀಚರ್ ಯಾರೂ ಇಲ್ಲ.

ಕೋರಸ್‌ಸಾಲು

ಆಗುತ್ತೆ. ನಾನು ಈಗ ಆನ್‌ಲೈನ್‌ನಲ್ಲೇ ಕಲೀತಿರೋದು. ಒಂದು ಮಿತಿ ಇದೆ: ಶಬ್ದ ಹೋಗಿ ಬರೋಕೆ ಸ್ವಲ್ಪ ತಡ ಆಗೋದರಿಂದ ಟೀಚರ್ ಪಿಯಾನೋ ನುಡಿಸುತ್ತಾ ನೀವು ಜೊತೆಗೆ ಹಾಡೋಕೆ ಆಗಲ್ಲ. ಬ್ಯಾಕಿಂಗ್ ಟ್ರ್ಯಾಕ್ ನಿಮ್ಮ ಕಡೆಯೇ ಹಾಕಿಕೊಳ್ಳಬೇಕು, ಇಲ್ಲಾ ಟೀಚರ್ ಸ್ವರ ಕೊಟ್ಟು ಸುಮ್ಮನಾಗಬೇಕು.

ಮುಖ್ಯವಾದದ್ದು ಸೆಟ್ಟಿಂಗ್. ವಿಡಿಯೋ ಕಾಲ್ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ನೀವು ಒಂದು ಸ್ವರ ಉದ್ದಕ್ಕೆ ಹಿಡಿದರೆ ಅದನ್ನು ಫ್ಯಾನ್ ಸದ್ದು ಅಂದುಕೊಂಡು ಅಳಿಸಿಬಿಡುತ್ತವೆ, ಜೋರಾದರೆ ತಾವೇ ತಗ್ಗಿಸುತ್ತವೆ. ಝೂಮ್‌ನಲ್ಲಿ ಸಂಗೀತಗಾರರಿಗೆ ಅಂತಲೇ ಒರಿಜಿನಲ್ ಸೌಂಡ್ ಅನ್ನೋ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಮೊದಲ ಪಾಠದಲ್ಲಿ ಟೀಚರ್ ತಾವಾಗಿಯೇ ಇದನ್ನು ಕೇಳಿದರೆ, ಪಕ್ಕಕ್ಕೆ ತಿರುಗಿ ನಿಲ್ಲಿ, ಕತ್ತು-ಭುಜ-ಹೊಟ್ಟೆ ಕಾಣೋ ಹಾಗೆ ಕ್ಯಾಮೆರಾ ಇಡಿ ಅಂತ ಹೇಳಿದರೆ, ಅವರಿಗೆ ಆನ್‌ಲೈನ್ ಪಾಠದ ರೂಢಿ ಇದೆ ಅಂತ ಅರ್ಥ. ನಿಮ್ಮ ಧ್ವನಿ ರೂಮಿನಲ್ಲಿ ಎಷ್ಟು ದೊಡ್ಡದು ಅನ್ನೋದು ಮಾತ್ರ ಅವರಿಗೆ ಆ ಕಡೆಯಿಂದ ತಿಳಿಯಲ್ಲ. ವರ್ಷಕ್ಕೊಮ್ಮೆಯಾದರೂ ಎದುರೆದುರು ಹೋಗಿ ಹಾಡಿ ಬನ್ನಿ.

ಹೊಸಹೆಜ್ಜೆ

ಇಷ್ಟೊಂದು ಬರೆದಿದ್ದೀರಿ, ತುಂಬಾ ತುಂಬಾ ಥ್ಯಾಂಕ್ಸ್. ಹುಡುಕ್ತಾ ಇದ್ದೀನಿ. ಒಬ್ಬರ ಹೆಸರಿನ ಮುಂದೆ ಎಸ್ಟಿಲ್ ಸರ್ಟಿಫಿಕೇಟ್, ಇನ್ನೊಬ್ಬರದು ಸಿವಿಟಿ, ಮತ್ತೊಬ್ಬರು ಸ್ಪೀಚ್ ಲೆವೆಲ್ ಸಿಂಗಿಂಗ್ ಅಂತ ಹಾಕಿಕೊಂಡಿದ್ದಾರೆ. ಇವುಗಳಲ್ಲಿ ಯಾವುದು ಮೇಲು?

ಪಿಯಾನೋಪಕ್ಕ

ಯಾವುದೂ ಮೇಲಲ್ಲ, ಯಾವುದೂ ಬೇಡದ್ದೂ ಅಲ್ಲ. ಜೋ ಎಸ್ಟಿಲ್ ಅವರ ಪದ್ಧತಿ ಧ್ವನಿಪೆಟ್ಟಿಗೆಯ ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಹಿಡಿತಕ್ಕೆ ತರುವುದು. ಅದರಲ್ಲಿ ಬೆಲ್ಟ್, ಟ್ವಾಂಗ್, ಸಾಬ್, ಆಪೆರಾ ಹೀಗೆ ಆರು ಧ್ವನಿಗುಣಗಳಿವೆ. ಡೆನ್ಮಾರ್ಕಿನ ಕ್ಯಾಥ್ರಿನ್ ಸಾಡೊಲಿನ್ ಅವರ ಸಿವಿಟಿ (ಕಂಪ್ಲೀಟ್ ವೋಕಲ್ ಟೆಕ್ನಿಕ್) ಎಲ್ಲ ಹಾಡುಗಾರಿಕೆಯನ್ನೂ ನಾಲ್ಕು ಮೋಡ್‌ಗಳಲ್ಲಿ, ಅಂದರೆ ಧ್ವನಿ ಹೊರಡಿಸುವ ನಾಲ್ಕು ಬಗೆಗಳಲ್ಲಿ, ವಿಂಗಡಿಸುತ್ತದೆ. ಸೆತ್ ರಿಗ್ಸ್ ಅವರ ಸ್ಪೀಚ್ ಲೆವೆಲ್ ಸಿಂಗಿಂಗ್‌ನಲ್ಲಿ ಧ್ವನಿಪೆಟ್ಟಿಗೆ ಮಾತಾಡುವಾಗ ಇರುವ ಜಾಗದಲ್ಲೇ ನೆಮ್ಮದಿಯಾಗಿರಬೇಕು ಅನ್ನುವುದಕ್ಕೆ ಒತ್ತು. ಮೂರರಿಂದಲೂ ಚೆನ್ನಾಗಿ ಹಾಡುವವರು ಬಂದಿದ್ದಾರೆ.

ಸರ್ಟಿಫಿಕೇಟ್ ಇದ್ದರೆ ಆ ಟೀಚರ್ ಓದಿದ್ದಾರೆ, ಪರೀಕ್ಷೆ ಕೊಟ್ಟಿದ್ದಾರೆ ಅನ್ನುವುದು ಖಾತ್ರಿ. ಅದಕ್ಕೆ ನಾನು ಗೌರವ ಕೊಡುತ್ತೇನೆ. ಆದರೆ "ನಮ್ಮ ಪದ್ಧತಿ ಬಿಟ್ಟು ಉಳಿದದ್ದೆಲ್ಲ ತಪ್ಪು" ಅನ್ನುವವರ ಹತ್ತಿರ ಹೋಗಬೇಡಿ. ಪಾಠದಲ್ಲಿ ಪದ್ಧತಿಯ ಪರಿಭಾಷೆ ಜಾಸ್ತಿ, ನೀವು ಹಾಡುವುದು ಕಮ್ಮಿ ಆದರೂ ಯೋಚಿಸಿ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ವಾಯ್ಸ್ ಟೀಚರ್ ಬೇರೆ, ವೋಕಲ್ ಕೋಚ್ ಬೇರೆ. ಟೀಚರ್ ಧ್ವನಿಯನ್ನು ಕಟ್ಟುತ್ತಾರೆ. ಕೋಚ್ ಹಾಡನ್ನು ಕಟ್ಟುತ್ತಾರೆ: ಶೈಲಿ, ಮಾತಿನ ಒತ್ತು, ಎಲ್ಲಿ ಉಸಿರು, ಆಡಿಷನ್‌ಗೆ ಹಾಡಿನ ಯಾವ 16 ಬಾರ್ (ತಾಳದ ಆವರ್ತದಂಥ ಭಾಗ). ಕೆಲವರು ಎರಡೂ ಮಾಡುತ್ತಾರೆ. ನಿಮಗೆ ಈಗ ಮೊದಲು ಬೇಕಾದದ್ದು ಟೀಚರ್.

ಹೊಸಹೆಜ್ಜೆ

ಇಬ್ಬರ ಹತ್ತಿರ ಟ್ರಯಲ್ ಪಾಠಕ್ಕೆ ಹೋಗಿ ಬಂದೆ. ಇಬ್ಬರ ಹತ್ತಿರವೂ ಅದೇ ಹಾಡು, ಅದೇ ಈಕಾರದ ಸಾಲು.

ಮೊದಲನೆಯವರು ದೊಡ್ಡ ಹೆಸರು. ಸ್ಟುಡಿಯೋ ಗೋಡೆ ತುಂಬಾ ಫೋಟೋಗಳು. ಅವರೇ ಹಾಡಿ ತೋರಿಸಿದರು, ನಿಜವಾಗಿಯೂ ರೋಮಾಂಚನ ಆಯ್ತು. ನನಗೆ ಹೇಳಿದ್ದು "ಇನ್ನೂ ಸಪೋರ್ಟ್ ಬೇಕು, ಡಯಾಫ್ರಮ್‌ನಿಂದ ಹಾಡು" ಅಂತ. ಹೇಗೆ ಅಂತ ಕೇಳಿದೆ. "ಹೊಟ್ಟೆ ಗಟ್ಟಿ ಮಾಡು" ಅಂದರು. ಮಾಡಿದೆ, ಇನ್ನೂ ಬಿಗಿಯಾಯ್ತು. "ಅಭ್ಯಾಸ ಮಾಡು, ಬರುತ್ತೆ" ಅಂದರು. ಪಾಠದ ಕೊನೆಗೆ ಹತ್ತು ಪಾಠದ ಪ್ಯಾಕೇಜ್ ಬಗ್ಗೆ ಮಾತು.

ಎರಡನೆಯವರು ಮೊದಲು ನನ್ನ ಬಗ್ಗೆ ಕೇಳಿದರು: ಯಾವ ಥರದ ಪಾತ್ರ ಮಾಡಬೇಕು ಅಂತಿದ್ದೀಯಾ, ದಿನಾ ಎಷ್ಟು ಮಾತಾಡ್ತೀಯಾ, ಗಂಟಲು ಯಾವಾಗಲಾದರೂ ಕೂತಿತ್ತಾ, ಔಷಧಿ ಏನಾದರೂ ತಗೋತೀಯಾ. ಹಾಡಿಸಿದರು. ನಾನು ಈಕಾರಕ್ಕೆ ಬಂದ ಕೂಡಲೇ ನಿಲ್ಲಿಸಿ, "ಆ ಸ್ವರಕ್ಕೆ ಮುಂಚೆಯೇ ಉಸಿರು ಹಿಡಿದುಬಿಡ್ತೀಯಾ, ಗಮನಿಸಿದ್ದೀಯಾ?" ಅಂದರು. ಗಮನಿಸಿರಲಿಲ್ಲ. ಒಂದು ಸ್ಟ್ರಾ ಕೊಟ್ಟು ಇಡೀ ಸಾಲನ್ನು ಅದರೊಳಗೆ ಊದುತ್ತಾ ಹಾಡಿಸಿದರು, ಕೆಳಗಿನಿಂದ ಮೇಲಿನವರೆಗೆ ಒಡಕೇ ಇಲ್ಲ! ಸ್ಟ್ರಾ ತೆಗೆದು ಹಾಡಿದರೆ ಮತ್ತೆ ಒಡಕು. ಆಗ ಈಕಾರದ ಜಾಗದಲ್ಲಿ ಎಕಾರ ಹಾಕಿಸಿದರು, ಸುಮಾರಾಗಿ ಬಂತು. ಆಮೇಲೆ ಇಡೀ ಹಾಡನ್ನು ಎರಡು ಮೆಟ್ಟಿಲು ಇಳಿಸಿ, "ಈ ತಿಂಗಳು ಇಲ್ಲೇ ಇರೋಣ, ದಾರಿ ಗೊತ್ತಾದ ಮೇಲೆ ಮೇಲಕ್ಕೆ ಹೋಗೋಣ" ಅಂದರು. ನನ್ನ ಫೋನಿನಲ್ಲಿ ಪಾಠ ರೆಕಾರ್ಡ್ ಮಾಡಿಕೋ ಅಂತ ಅವರೇ ಹೇಳಿದರು. ಹೊರಗೆ ಬಂದಾಗ ಗಂಟಲು ಹೋಗುವಾಗ ಇದ್ದದ್ದಕ್ಕಿಂತ ಹಗುರವಾಗಿತ್ತು.

ಇವರ ಹೆಸರು ಯಾರಿಗೂ ಅಷ್ಟು ಗೊತ್ತಿಲ್ಲ. ಪ್ರಸಿದ್ಧ ಶಿಷ್ಯರೂ ಇಲ್ಲ. ಅದೊಂದೇ ಅಳುಕು.

ಧ್ವನಿಚಿಕಿತ್ಸೆ

ಅಳುಕು ಬೇಡ, ಎರಡನೆಯವರ ಹತ್ತಿರ ಹೋಗಿ. ಪಾಠ ಶುರುವಾಗುವ ಮೊದಲೇ ಧ್ವನಿಯ ಇತಿಹಾಸ ಕೇಳುವವರು ಎಷ್ಟು ವಿರಳ ಅಂತ ನನಗೆ ಗೊತ್ತು. ಸ್ಟ್ರಾ ವ್ಯಾಯಾಮವೂ ಗಿಮಿಕ್ ಅಲ್ಲ. ಬಾಯಿಯ ಕಡೆ ದಾರಿ ಕಿರಿದಾದಾಗ ಒಳಗೆ ಹಿಮ್ಮುಖ ಒತ್ತಡ ಉಂಟಾಗಿ ತಂತುಗಳು ಕಡಿಮೆ ಬಲದಲ್ಲಿ ಕಂಪಿಸುತ್ತವೆ. ಧ್ವನಿ ವಿಜ್ಞಾನಿ ಇಂಗೋ ಟಿಟ್ಸೆ ಇದನ್ನು ವಿವರವಾಗಿ ಅಧ್ಯಯನ ಮಾಡಿ ಬಳಕೆಗೆ ತಂದವರಲ್ಲಿ ಪ್ರಮುಖರು, ನಾವು ಚಿಕಿತ್ಸೆಯಲ್ಲೂ ಬಳಸುತ್ತೇವೆ. ಇನ್ನು ಡಯಾಫ್ರಮ್ ಉಸಿರು ಒಳಗೆ ಎಳೆಯುವ ಸ್ನಾಯು. ಹಾಡುವಾಗ ಉಸಿರು ಹೊರಗೆ ಹೋಗುತ್ತಿರುತ್ತದೆ. ಅದರಿಂದಲೇ ಹಾಡು ಅಂದರೆ ಶಿಷ್ಯರು ಏನು ಮಾಡಬೇಕು?

ತಂಬೂರಿ

ನನ್ನ ಮತವೂ ಎರಡನೆಯವರಿಗೇ. ಶ್ರುತಿ ಇಳಿಸಿ ಕಲಿಸುವ ತಾಳ್ಮೆ ಇದೆ ಅಂದಮೇಲೆ ಅವರು ಮೇಷ್ಟ್ರು.

ಹಳೆಯ ಗುರುಗಳಿಗೆ ಹೇಳದೆ ಹೋಗಬೇಡಿ ತಾಯಿ. ಹೋಗಿ ಕೂತು, "ನಾಟಕಕ್ಕಾಗಿ ಇವರ ಹತ್ತಿರ ಕಲಿಯಬೇಕು ಅಂತಿದ್ದೀನಿ" ಅಂತ ನೇರವಾಗಿ ಹೇಳಿ. ಎರಡನ್ನೂ ಒಟ್ಟಿಗೆ ನಡೆಸುವುದಾದರೆ ಇಬ್ಬರಿಗೂ ಗೊತ್ತಿರಲಿ. ಒಬ್ಬರು ತೆರೆಯಲು ಹೇಳಿದ್ದನ್ನು ಇನ್ನೊಬ್ಬರು ಮುಚ್ಚಲು ಹೇಳುತ್ತಾ ಹೋದರೆ ಮೊದಲ ಆರು ತಿಂಗಳು ನೀವು ಎಲ್ಲೂ ಸಲ್ಲುವುದಿಲ್ಲ.

ಹೊಸಹೆಜ್ಜೆ

ಹೇಳ್ತೀನಿ ಸರ್, ಈ ವಾರವೇ. ಮುಂದಿನ ಪಾಠಕ್ಕೆ ಹಾಡಿನ ಶೀಟ್ ಮ್ಯೂಸಿಕ್ ತರೋಕೆ ಹೇಳಿದ್ದಾರೆ. ನೆಟ್‌ನಲ್ಲಿ ಸಿಗೋದು ಬೇರೆ ಬೇರೆ ಶ್ರುತಿಯಲ್ಲಿವೆ, ಯಾವುದು ತಗೊಳ್ಳಲಿ?

ಪಿಯಾನೋಪಕ್ಕ

ಹಾಡಿನ ಹೆಸರಿನ ಕೆಳಗೆ ಎಷ್ಟೋ ಸಲ ಪಾಪ್ ಪುಸ್ತಕಕ್ಕಾಗಿ ಸರಳ ಮಾಡಿದ ಪ್ರತಿ ಇರುತ್ತದೆ, ಅದು ಬೇಡ. ನಾಟಕದ ವೋಕಲ್ ಸ್ಕೋರ್‌ನಿಂದ (ಹಾಡುಗಳ ಮತ್ತು ಪಿಯಾನೋದ ಸ್ವರಲಿಪಿ ಇರುವ ಪುಸ್ತಕ) ತೆಗೆದ ಪ್ರತಿ, ಪಾತ್ರ ಹಾಡುವ ಮೂಲ ಶ್ರುತಿಯಲ್ಲಿರುವುದು, ಅದನ್ನು ತಗೊಳ್ಳಿ. ಟೀಚರ್ ಇಳಿಸಿದ್ದಾರಲ್ಲ, ಆ ಶ್ರುತಿಯ ಪ್ರತಿಯನ್ನೂ ಬೇರೆಯಾಗಿ ಪ್ರಿಂಟ್ ಮಾಡಿಸಿ. "ನೋಡಿಕೊಂಡು ಎರಡು ಮೆಟ್ಟಿಲು ಇಳಿಸಿ ನುಡಿಸಿ" ಅಂತ ಪಿಯಾನೋದವರಿಗೆ ಹೇಳಬೇಡಿ. ಪಾಠದಲ್ಲಿ ನಡೆದೀತು, ಆಡಿಷನ್‌ನಲ್ಲಿ ನಡೆಯುವುದಿಲ್ಲ.

ಹಾಳೆಗಳನ್ನು ಎರಡೂ ಬದಿ ಪ್ರಿಂಟ್ ಮಾಡಿ ಫೈಲಿಗೆ ಹಾಕಿ, ಮಿಂಚುವ ಪ್ಲಾಸ್ಟಿಕ್ ಕವರ್ ಬೇಡ, ಬೆಳಕು ಬಿದ್ದರೆ ಸ್ವರ ಕಾಣುವುದಿಲ್ಲ. ಎಡಗೈ ಸ್ವರಗಳು ಕೆಳಗೆ ಕತ್ತರಿಸಿಹೋಗಿಲ್ಲವೇ ನೋಡಿಕೊಳ್ಳಿ. ಉಸಿರು ತೆಗೆಯುವ ಜಾಗಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಪೆನ್ ಬೇಡ. ಮುಂದಿನ ಪಾಠದಲ್ಲಿ ಅರ್ಧ ಅಳಿಸಬೇಕಾಗುತ್ತದೆ.